ಬಾಯಿ ಬಿಟ್ಟ ಸೊನ್ನೆ

ಗಣಿಯಲ್ಲಿ ನಮ್ಮ ಭಾವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದೆಂದಲ್ಲ, ನೋಡಲು ಎಲ್ಲರ ಕಿವಿಯಂತೆಯೇ ಇದ್ದವು. ಅವರ ಕೆಲಸವೇ ಕೇಳುವುದು. ತಾಮ್ರದ ಗಣಿಯ ಸುರಂಗದಲ್ಲಿ ಮದ್ದು ಸಿಡಿಸಿದ ಮೇಲೆ ಯಾರೂ ತಕ್ಷಣ ಒಳಗೆ ಕಾಲಿಡುವಂತಿಲ್ಲ. ಮೊದಲು ಒಬ್ಬ ಮನುಷ್ಯ ಉದ್ದನೆಯ ಕಬ್ಬಿಣದ ಹಾರೆ ಹಿಡಿದು ಹೋಗಿ ತಲೆಯ ಮೇಲಿನ ಕಲ್ಲನ್ನು ಮೊಳಕ್ಕೊಂದು ಸಲ ತಟ್ಟಿ ನೋಡಬೇಕು. ಕಲ್ಲು ಗಟ್ಟಿಯಿದ್ದರೆ ಠಣ್ ಎನ್ನುತ್ತದೆ. ಒಳಗೊಳಗೇ ಬಿರುಕು ಬಿಟ್ಟು ಕಳಚಿಕೊಂಡಿದ್ದರೆ ಡೊಬ್ ಎನ್ನುತ್ತದೆ. ಠಣ್ ಎಂದರೆ ಸುರಂಗದ ಆ ಕವಲುದಾರಿಯ ಬಾಯಲ್ಲಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಡೊಬ್ ಎಂದರೆ ಇಂಟು. ಸೊನ್ನೆ ಇದ್ದರೆ ಒಳಗೆ ಹೋಗಬಹುದು. ಇಂಟು ಇದ್ದರೆ, ಮರದ ಕಂಬಗಳನ್ನು ಕೊಟ್ಟು ಸೂರನ್ನು ಎತ್ತಿ ಹಿಡಿಯುವವರೆಗೆ ಮೇಸ್ತ್ರಿಯಾಗಲಿ ಮ್ಯಾನೇಜರಾಗಲಿ ಆ ಗುರುತು ದಾಟುವ ಹಾಗಿಲ್ಲ. ಹತ್ತೊಂಬತ್ತು ವರ್ಷ ಭಾವ ಹೀಗೆ ತಟ್ಟಿ, ಕೇಳಿ, ಗುರುತು ಹಾಕಿ, ನೂರಾರು ಜನರನ್ನು ದಿನಾ ಸಂಜೆ ಮನೆಗೆ ಕಳಿಸಿದರು. ಅದನ್ನು ಯಾರೂ ಬರೆದಿಡಲಿಲ್ಲ. ಅವರು ತಪ್ಪು ಮಾಡಿದರೆಂದು ಒಂದು ಸಲ ಮಾತ್ರ ಬರೆದಿಟ್ಟರು, ಮೂರು ಪ್ರತಿ ತೆಗೆದು, ಮೊಹರು ಒತ್ತಿ.

ನಾನು ಅವರ ನಾದಿನಿ, ಅವರ ಹೆಂಡತಿಯ ತಂಗಿ. ಗಣಿಯ ಬಾಯಲ್ಲಿ ದೀಪದ ಕೋಣೆ ನನ್ನ ಕೈಯಲ್ಲಿತ್ತು. ಕೆಳಗಿಳಿಯುವವರಿಗೆ ಹಣೆಗೆ ಕಟ್ಟುವ ದೀಪ ಕೊಡುವುದು, ಅವರ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕುವುದು, ಹೋದ ಹೊತ್ತು ಬಂದ ಹೊತ್ತು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಭಾವ ನನ್ನನ್ನು ದೀಪದಮ್ಮ ಎಂದು ಛೇಡಿಸುತ್ತಿದ್ದರು. ನನ್ನ ಗಂಡ ಅದೇ ಗಣಿಯಲ್ಲಿ ಮೇಸ್ತ್ರಿಯಾಗಿದ್ದ. ಗಂಡನನ್ನು ಏಕವಚನದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಇಪ್ಪತ್ತೆರಡು ವರ್ಷ ‘ರೀ’ ಎಂದು, ‘ಅವರು’ ಎಂದು ನಾಲಿಗೆ ಸವೆಸಿದ್ದೇನೆ, ಇನ್ನು ಸಾಕು.

ಷಡ್ಡಕರೆಂದರೆ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಓರೆಗಣ್ಣಲ್ಲೇ ಅಳೆಯುತ್ತಾರೆ. ಇವರಿಬ್ಬರೂ ಹಾಗಿರಲಿಲ್ಲ. ನನ್ನ ಗಂಡ ಲಾರಿಗೆ ಕಲ್ಲು ತುಂಬುತ್ತಿದ್ದವನು. ಅವನನ್ನು ಸುರಂಗಕ್ಕೆ ಕರೆದುಕೊಂಡು ಹೋಗಿ, ಕಂಬ ಕೊಡುವುದು, ಕಲ್ಲಿನ ಎಳೆ ನೋಡುವುದು ಎಲ್ಲವನ್ನೂ ಕಲಿಸಿ ಮೇಸ್ತ್ರಿ ಮಾಡಿದವರು ಭಾವ. ನನ್ನ ಸಂಬಂಧ ನೋಡಲು ಹೋದ ದಿನವೂ ಅವರೇ ಮುಂದೆ. ಅವರಿಗೊಂದು ಚಟವಿತ್ತು, ಹೋದಲ್ಲೆಲ್ಲ ಬೆರಳಗೆಣ್ಣಿನಿಂದ ತಟ್ಟಿ ನೋಡುವುದು. ಗೋಡೆ, ಬಾಗಿಲು, ಕೂರುವ ಬೆಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಅವತ್ತು ಗಂಡಿನ ಮನೆಯ ಗೋಡೆಯನ್ನೆಲ್ಲ ತಟ್ಟಿಕೊಂಡು ಬಂದು, ನಮ್ಮ ಮನೆಯಲ್ಲಿ ಎಲ್ಲರೆದುರಿಗೇ ಹೇಳಿದ್ದರು: “ಮನೆ ಗಟ್ಟಿಯಾಗಿದೆ. ಹುಡುಗನ್ನ ತಟ್ಟಿ ನೋಡೋಕಾಗಲ್ಲ, ನಂಬ್ಕೊಬೇಕು ಅಷ್ಟೆ.” ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ನಾನೂ ನಕ್ಕಿದ್ದೆ, ಬಾಗಿಲ ಹಿಂದೆ ನಿಂತು.

ಭಾವನ ಸೊನ್ನೆಯ ವಿಷಯ ಹೇಳಬೇಕು, ಅದಿಲ್ಲದೆ ಈ ಕತೆಯೇ ಇಲ್ಲ. ಅವರು ಸೊನ್ನೆಯನ್ನು ಎಂದೂ ಪೂರ್ತಿ ಸುತ್ತುತ್ತಿರಲಿಲ್ಲ. ಕೆಳಗಡೆ ಒಂದು ಬೆರಳಗಲ ಜಾಗ ಬಿಟ್ಟೇ ಬಿಡುತ್ತಿದ್ದರು. ಅವರಿಗೆ ಈ ಕೆಲಸ ಕಲಿಸಿದ ಮುದುಕ ಹಾಗೆ ಹಾಕುತ್ತಿದ್ದನಂತೆ. ಯಾಕೆ ಎಂದು ಕೇಳಿದರೆ, “ಪೂರ್ತಿ ಮುಚ್ಚಿಬಿಟ್ರೆ ಒಳಗಿರೋನು ಹೊರಗೆ ಬರೋದು ಹ್ಯಾಗೆ?” ಎನ್ನುತ್ತಿದ್ದರು. ಅವರಿಗೆ ಸಹಿ ಹಾಕಲು ಬೇಸರ. ನನ್ನ ದೀಪದ ಪುಸ್ತಕದಲ್ಲೂ ತಮ್ಮ ನಂಬರಿನ ಮುಂದೆ ಆ ಬಾಯಿ ಬಿಟ್ಟ ಸೊನ್ನೆಯನ್ನೇ ಎಳೆದು ಹೋಗುತ್ತಿದ್ದರು. ನೀರಿನ ಡಬ್ಬಿಯ ಮೇಲೆ, ಬುತ್ತಿ ಚೀಲದ ಮೇಲೆ, ಚಪ್ಪಲಿಯ ಅಟ್ಟೆಯ ಮೇಲೆ ಅದೇ. ಸುರಂಗದೊಳಗೆ ಇಳಿದವರು ಮಾತ್ರ ಇದನ್ನು ಗಮನಿಸಿರಲಿಲ್ಲ. ಅಲ್ಲಿ ಗೋಡೆಗಳು ಸದಾ ಒಸರುತ್ತವೆ, ನೀರು ಇಳಿದು ಸೀಮೆಸುಣ್ಣದ ಗುರುತಿನ ಕೆಳಭಾಗ ಅಳಿಸಿಹೋಗುವುದು ದಿನದ ಮಾತು. ಸೊನ್ನೆಯೋ ಇಂಟೋ ಎಂದು ನೋಡುತ್ತಾರೆಯೇ ಹೊರತು ಸೊನ್ನೆಯ ಕೆಳಗೆ ಬಾಯಿ ಇದೆಯೇ ಎಂದು ಯಾರು ನೋಡುತ್ತಾರೆ?

ಆಗ ನಾವು ಒಂದೇ ಕೋಣೆಯ ಸಾಲುಮನೆಯಲ್ಲಿದ್ದೆವು. ನೀರಿಗೆ ಬೀದಿ ನಲ್ಲಿ, ಅಲ್ಲಿ ದಿನಾ ಕೊಡಕ್ಕೆ ಕೊಡ ತಾಗಿಸಿ ಜಗಳ. ಮೇಲಿನ ದರ್ಜೆಯ ಮೇಸ್ತ್ರಿಗಳಿಗೆ ಎರಡು ಕೋಣೆಯ, ಒಳಗೇ ನಲ್ಲಿಯಿರುವ ಮನೆಗಳಿದ್ದವು. ಅಂಥದೊಂದು ಮನೆ ಬೇಕು ಎಂದು ನಾನು ಗಂಡನ ತಲೆ ತಿನ್ನುತ್ತಿದ್ದದ್ದು ನಿಜ. ಮುಚ್ಚಿಡುವುದಿಲ್ಲ. ಆ ವರ್ಷ ಆರನೇ ಕವಲಿನಲ್ಲಿ ಒಳ್ಳೆಯ ಅದಿರು ಸಿಕ್ಕಿತ್ತು. ಈ ತಿಂಗಳು ಇಲ್ಲಿಂದ ಹೇಳಿದಷ್ಟು ಕಲ್ಲು ಮೇಲೆ ಬಂದರೆ ನಿನ್ನ ದರ್ಜೆ ಏರಿತೆಂದೇ ತಿಳಿದುಕೋ ಎಂದು ಮ್ಯಾನೇಜರ್ ನನ್ನ ಗಂಡನಿಗೆ ಆಸೆ ಹಚ್ಚಿದ್ದ. ಅವನು ಮನೆಗೆ ಬಂದು ಹೇಳಿದಾಗ ನಾನು ಖುಷಿಯಲ್ಲಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಬಿಟ್ಟಿದ್ದೆ.

ಆ ದಿನ ಬೆಳಿಗ್ಗೆ ಭಾವನಿಗೆ ಮೈ ಬಿಸಿಯಿತ್ತು, ನೆಗಡಿಯಾಗಿ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಆದರೂ ಒಂಬತ್ತು ಕವಲುಗಳನ್ನೂ ತಟ್ಟಿ ಆರು ಗಂಟೆಗೆ ಮೇಲೆ ಬಂದರು. ದೀಪ ಒಪ್ಪಿಸಿ, ಪುಸ್ತಕದಲ್ಲಿ ಸೊನ್ನೆ ಎಳೆದು, ಗಂಟಲು ತೋರಿಸಿ ಕೈಯಾಡಿಸಿದರು. ನಾನು ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟೆ, ಕುಡಿದು ಮನೆಗೆ ಹೋದರು. ಯಾರ ಹತ್ತಿರವೂ ಒಂದು ಮಾತಾಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ, ಗೋಡೆಯ ಮೇಲಿನ ಗುರುತೇ ಅವರ ಮಾತು.

ಏಳು ಗಂಟೆಗೆ ಬೆಳಗಿನ ಪಾಳಿ ಇಳಿಯಿತು. ಆರನೇ ಕವಲಿಗೆ ಹೋದವನು ಡ್ರಿಲ್ ಹಿಡಿಯುವವನು, ಸದಾ ಸಿಳ್ಳೆ ಹಾಕುತ್ತಿದ್ದುದರಿಂದ ಅವನಿಗೆ ಸಿಳ್ಳೆ ಎಂದೇ ಹೆಸರು. ಭಾವನಿಗೆ ಅವನೆಂದರೆ ಜೀವ. “ನೀನು ಸಿಳ್ಳೆ ನಿಲ್ಸಿದ್ರೆ ಮಾತ್ರ ನಂಗೆ ದಿಗಿಲು ಕಣೋ” ಎನ್ನುತ್ತಿದ್ದರು. ಒಂಬತ್ತೂವರೆಗೆ ಸೈರನ್ ಕೂಗಿತು. ಎಲ್ಲರನ್ನೂ ಮೇಲೆ ತಂದರು. ನಾನು ದೀಪ ತೆಗೆದುಕೊಂಡು ಒಬ್ಬೊಬ್ಬರ ಬಿಲ್ಲೆ ಬಿಚ್ಚಿ ಕೊಡುತ್ತ ಹೋದೆ. ಹಲಗೆಯ ಮೇಲೆ ಒಂದೇ ಒಂದು ಬಿಲ್ಲೆ ಉಳಿಯಿತು. ಸಿಳ್ಳೆಯ ಹೆಂಡತಿ, ಹೊಲಿಗೆ ಮಾಡುವವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿರಲು ಓಡಿಬಂದು ನನ್ನ ಕಿಟಕಿಯ ಮುಂದೆ ನಿಂತಳು. ಹಲಗೆಯನ್ನು ನೋಡಿದಳು.

ಆರನೇ ಕವಲಿನ ಸೂರು ಕುಸಿದಿತ್ತು. ಬಾಯಲ್ಲಿದ್ದ ಗೋಡೆ ಮಾತ್ರ ಉಳಿದಿತ್ತು, ಅದರ ಮೇಲೆ ಸೊನ್ನೆ ಇತ್ತು.

ಭಾವ ಕೇಳಿದ ಕೂಡಲೇ ಜ್ವರದಲ್ಲೇ ಎದ್ದು ಬಂದರು. ಒಡೆದ ಸ್ವರದಲ್ಲಿ ಒಂದೇ ಮಾತು, “ನಾನು ಇಂಟು ಹಾಕಿದ್ದೆ.” ಮೂರು ದಿನ ಅದನ್ನೇ ಹೇಳಿದರು. ವಿಚಾರಣೆಯವರು ಫೋಟೋ ತೆಗೆಸಿದ್ದೇವೆ, ಸೊನ್ನೆ ಇದೆ ಎಂದರು. ತೋರಿಸಲಿಲ್ಲ, ತೋರಿಸಿ ಎನ್ನುವ ಶಕ್ತಿ ಭಾವನಿಗೂ ಇರಲಿಲ್ಲ. ನನ್ನ ಗಂಡ ಹೇಳಿಕೆ ಕೊಟ್ಟ, ಪಾಳಿ ಇಳಿಸುವಾಗ ನಾನೇ ಕಣ್ಣಾರೆ ಸೊನ್ನೆ ನೋಡಿದೆ ಎಂದು. ಅದು ಸುಳ್ಳಲ್ಲವಲ್ಲ, ನೋಡಿದ್ದ.

ಆಮೇಲೆ ಅವನು ದಿನಾ ಸಂಜೆ ಅಕ್ಕನ ಮನೆಗೆ ಹೋಗಿ ಭಾವನ ಪಕ್ಕ ಕೂರತೊಡಗಿದ. ನಾನೂ ಹೋಗುತ್ತಿದ್ದೆ. ಎಷ್ಟು ಮೆಲ್ಲಗೆ ಮಾತಾಡುತ್ತಿದ್ದ! ಬೆನ್ನು ಸವರುತ್ತಿದ್ದ. ಒಂಬತ್ತು ಕವಲು, ಮೈ ಸುಡುವ ಜ್ವರ, ನೆಗಡಿಯಿಂದ ಮುಚ್ಚಿದ ಕಿವಿ, ಯಾರಿಗಾದರೂ ಹೀಗಾಗಬಹುದು. ಇಂಟು ಹಾಕಬೇಕೆಂದು ಮನಸ್ಸಿನಲ್ಲಿದ್ದು ಕೈ ಸೊನ್ನೆ ಎಳೆದಿರಬಹುದು. ನೆನಪು ಎಂಬುದು ಹಾಗೆಯೇ, ತನಗೆ ಬೇಕಾದದ್ದನ್ನು ತೋರಿಸುತ್ತದೆ. ಹೀಗೆ ಹೇಳಿ ಹೇಳಿ ಹತ್ತನೇ ದಿನಕ್ಕೆ ಭಾವ ಕುಸಿದರು. “ಹೌದೇನೋ” ಎಂದರು. ‘ನನ್ನ ಕಿವಿ ತಪ್ಪಿತು’ ಎಂದು ಬರೆದ ಕಾಗದದ ಕೆಳಗೆ ತಮ್ಮ ಬಾಯಿ ಬಿಟ್ಟ ಸೊನ್ನೆಯನ್ನು ಹಾಕಲು ಹೋದರು. ಗುಮಾಸ್ತ, ಇದೆಲ್ಲ ನಡೆಯಲ್ಲ, ಹೆಸರು ಬರೀರಿ ಎಂದ. ಹೆಸರು ಬರೆದರು.

ಕೆಲಸದಿಂದಲೇ ತೆಗೆಯುವವರಿದ್ದರು. ನನ್ನ ಗಂಡ ಓಡಾಡಿ, ಮ್ಯಾನೇಜರ್ ಕೈಕಾಲು ಹಿಡಿದು, ಗುಡ್ಡದ ಆ ಕಡೆ ಕೆಲಸ ಕೊಡಿಸಿದ. ನಮ್ಮ ಗುಡ್ಡದ ಈ ಮಗ್ಗುಲಲ್ಲಿ ತಾಮ್ರ, ಆ ಮಗ್ಗುಲಲ್ಲಿ ಫಾಸ್ಫೇಟ್. ನಾವದನ್ನು ಗೊಬ್ಬರದ ಕಲ್ಲು ಎನ್ನುತ್ತೇವೆ. ಅಲ್ಲಿ ಸುರಂಗವಿಲ್ಲ, ಬಯಲಲ್ಲೇ ಅಗೆದು ಕ್ರಷರಿಗೆ ಸುರಿಯುತ್ತಾರೆ. ಸಂಜೆ ಬೀದಿಯಲ್ಲಿ ಹಸಿರು ಕಲೆಯ ಬಟ್ಟೆಯವರು ಈ ಕಡೆಯವರು, ಮೈಯೆಲ್ಲ ಹಿಟ್ಟು ಮೆತ್ತಿದಂತಿರುವವರು ಆ ಕಡೆಯವರು. ಹಸಿರು ಬಟ್ಟೆಯ ಭಾವ ಬಿಳಿಯಾದರು. ಕ್ರಷರಿನ ಬಾಯಿಯ ಹತ್ತಿರ ನಿಂತು, ಸಿಕ್ಕಿಕೊಂಡ ಕಲ್ಲನ್ನು ಹಾರೆಯಿಂದ ಮೀಟುವ ಕೆಲಸ. ಕಿವಿಗೆ ಹತ್ತಿ ತುರುಕಿಕೊಂಡರೂ ಆ ಸದ್ದು ಹಲ್ಲಿನ ಬುಡಕ್ಕೆ ಬರುತ್ತದೆ, ನಾನೊಮ್ಮೆ ಹೋಗಿ ಐದು ನಿಮಿಷ ನಿಂತು ಬಂದಿದ್ದೇನೆ. ಭಾವ ಮಾತ್ರ ಕೃತಜ್ಞರಾಗಿದ್ದರು. “ನಮ್ಮ ಮೇಸ್ತ್ರಿ ಇಲ್ದಿದ್ರೆ ನಾನು ಬೀದಿಪಾಲು” ಎಂದು ಕಂಡಕಂಡವರಿಗೆ ಹೇಳುತ್ತಿದ್ದರು. ಅದೇ ತಿಂಗಳ ಕೊನೆಗೆ ನಮಗೆ ಒಳಗೆ ನಲ್ಲಿಯಿರುವ ಮನೆ ಸಿಕ್ಕಿತು. ನಮ್ಮ ಮಂಚವನ್ನು ತಲೆಯ ಮೇಲೆ ಹೊತ್ತು ತಂದು ಇಳಿಸಿ ಹೋದವರು ಭಾವ. ಹೊಸ ಮನೆಯ ಗೋಡೆಯ ಹತ್ತಿರ ಹೋದರು, ಕೈ ಎತ್ತಿದರು, ತಟ್ಟದೆ ಹಾಗೇ ಇಳಿಸಿದರು.

ಎಂಟು ವರ್ಷದಲ್ಲಿ ಕ್ರಷರ್ ಅವರ ಕಿವಿಯನ್ನು ಪೂರ್ತಿ ತಿಂದುಹಾಕಿತು. ನಂತರ ಅಲ್ಲಿಯೂ ಬೇಡವಾಗಿ ಮನೆಗೆ ಬಂದರು. ಅಕ್ಕ ಒಂದು ಸ್ಲೇಟು, ಸೀಮೆಸುಣ್ಣ ತಂದಳು. ನಾವು ಬರೆಯುವುದು, ಅವರು ಓದಿ ಜೋರಾಗಿ ಉತ್ತರ ಹೇಳುವುದು. ಪರವಾಗಿಲ್ಲ, ಅದಕ್ಕೂ ಹೊಂದಿಕೊಂಡರು. “ನಿಮ್ಮಕ್ಕ ಬಯ್ಯೋಕೂ ಈಗ ಸೀಮೆಸುಣ್ಣ ಖರ್ಚು ಮಾಡ್ಬೇಕು, ಅದಕ್ಕೇ ಕಮ್ಮಿ ಬಯ್ತಾಳೆ” ಎಂದು ನಗಿಸುತ್ತಿದ್ದರು. ಆದರೆ ಒಂದು ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ. ನಾನು ಹೋದಾಗಲೆಲ್ಲ, ಊಟದ ನಡುವೆಯೋ, ಇನ್ನೇನು ನಾನು ಹೊರಡಬೇಕು ಎನ್ನುವಾಗಲೋ, ತಟ್ಟನೆ ಕೇಳುತ್ತಿದ್ದರು: “ದೀಪದಮ್ಮ, ಅವತ್ತು ನಾನು ಹಾಕಿದ್ದು ಸೊನ್ನೆನೋ ಇಂಟೋ?” ನಾನು ಸ್ಲೇಟನ್ನು ತಿರುಗಿಸಿ ಇಡುತ್ತಿದ್ದೆ.

ಸಿಳ್ಳೆಯ ಹೆಂಡತಿ ಅವರನ್ನು ಎಂದೂ ಬಯ್ದವಳಲ್ಲ. ಕಿವಿ ಇನ್ನೂ ಕೇಳಿಸುತ್ತಿದ್ದ ಕಾಲದಲ್ಲಿ ಒಮ್ಮೆ ಅಂಗಡಿಯ ಮುಂದೆ ಎದುರಾದಾಗ ಹೇಳಿದ್ದಳಂತೆ, “ನಿಮ್ಮ ಕಿವಿ ನಂಬ್ಕೊಂಡು ಹೋದ ಅವ್ನು.” ಅಷ್ಟೆ. ಅವಳ ಮನೆ ಅಕ್ಕನ ಮನೆಯಿಂದ ಮೂರು ಬೀದಿ ಆಚೆ. ಹನ್ನೊಂದು ವರ್ಷ ಭಾವ ಆ ಬೀದಿಗೆ ಕಾಲಿಡಲಿಲ್ಲ, ಆಸ್ಪತ್ರೆಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಈ ವರ್ಷ ಹಳೆಯ ಗಣಿಬಾಯಿ ಮುಚ್ಚಿ ಹೊಸ ಕಡೆಗೆ ಕೆಲಸ ಸಾಗಿಸಿದರು. ದೀಪದ ಕೋಣೆ ಖಾಲಿ ಮಾಡು ಎಂದು ನನಗೆ ಹೇಳಿದರು. ಸ್ಟೂಲ್ ಹಾಕಿಕೊಂಡು ಕಪಾಟಿನ ಮೇಲಿನ ಅಟ್ಟಣೆಯಿಂದ ಧೂಳು ಹಿಡಿದ ಕಟ್ಟುಗಳನ್ನು ಇಳಿಸುತ್ತಿದ್ದಾಗ ಒಂದು ದಪ್ಪ ಲಕೋಟೆ ಸಿಕ್ಕಿತು, ಅಂಟು ಬಿಚ್ಚದೆ ಹಾಗೇ ಇತ್ತು. ಅವಘಡವಾದರೆ ವರದಿಯ ಒಂದು ಪ್ರತಿ ದೀಪದ ಕೋಣೆಗೆ ಬರುತ್ತದೆ, ಯಾರ ದೀಪ ಒಳಗಿತ್ತು ಎಂಬ ಲೆಕ್ಕ ನಮ್ಮಲ್ಲಿರುವುದರಿಂದ. ಆರನೇ ಕವಲಿನ ಪ್ರತಿ ಬಂದಾಗ ಅದನ್ನು ಬಿಚ್ಚುವ ಮನಸ್ಸಾಗದೆ ನಾನೇ ಮೇಲೆ ಎಸೆದಿದ್ದೆ. ಹನ್ನೊಂದು ವರ್ಷ ಅದು ನನ್ನ ನೆತ್ತಿಯ ಮೇಲೇ ಇತ್ತು, ನಾನು ಅದರ ಕೆಳಗೆ ಕೂತು ದಿನಾ ಬುತ್ತಿ ತಿಂದಿದ್ದೇನೆ. ನನ್ನಂಥ ಹೆಡ್ಡಿ ಇನ್ನೊಬ್ಬಳಿಲ್ಲ.

ಅವತ್ತು ಬಿಚ್ಚಿದೆ. ಎರಡನೇ ಹಾಳೆಗೆ ಫೋಟೋ ಅಂಟಿಸಿದ್ದರು. ಒದ್ದೆ ಗೋಡೆ, ಅದರ ಮೇಲೆ ಸೊನ್ನೆ. ಕಿಟಕಿಯ ಬೆಳಕಿಗೆ ಹಿಡಿದೆ. ಸೊನ್ನೆ ಬಳೆಯ ಹಾಗೆ ದುಂಡಗಿತ್ತು. ಕೆಳಗೆ ಬಾಯಿಯೇ ಇರಲಿಲ್ಲ. ನೀರು ಕೂಡ ಅದನ್ನು ಮುಟ್ಟಿರಲಿಲ್ಲ, ಅಷ್ಟು ಅಚ್ಚುಕಟ್ಟು. ಸುತ್ತ ಗೋಡೆ ಒರೆಸಿದ ಹಾಗೆ ಬೆಳ್ಳಗಿನ ಮಬ್ಬು.

ಸಾವಿರಾರು ಸಲ ನನ್ನ ಪುಸ್ತಕದಲ್ಲಿ ಆ ಮನುಷ್ಯನ ಕೈ ನೋಡಿದ್ದೇನೆ. ಆ ವರ್ಷದ ಪುಸ್ತಕವನ್ನು ಕಟ್ಟಿನಿಂದ ಎಳೆದೆ. ಆ ದಿನದ ಹಾಳೆ. ಆರು ಗಂಟೆ, ಭಾವನ ದೀಪ ಒಳಗೆ ಬಂತು, ಮುಂದೆ ಬಾಯಿ ಬಿಟ್ಟ ಸೊನ್ನೆ. ಅದರ ಕೆಳಗಿನ ಸಾಲು ನನ್ನದೇ ಅಕ್ಷರದಲ್ಲಿತ್ತು: ಆರು ಹತ್ತು, ಮೇಸ್ತ್ರಿಯ ದೀಪ ಹೊರಗೆ. ಆರು ನಲವತ್ತು, ಮೇಸ್ತ್ರಿಯ ದೀಪ ವಾಪಸ್. ನೀರೆತ್ತುವ ಪಂಪು ನೋಡಿ ಬರ್ತೀನಿ ಎಂದು ಹೋಗಿದ್ದ, ನನಗೆ ನೆನಪಿದೆ. ದೀಪ ಕೊಟ್ಟವಳು ನಾನು. ಆ ಅರ್ಧ ಗಂಟೆಯಲ್ಲಿ ಇಡೀ ಗಣಿಯೊಳಗೆ ಅವನೊಬ್ಬನನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ ಎಂದು ನನ್ನ ಪುಸ್ತಕವೇ ಹೇಳುತ್ತಿತ್ತು.

ಮಧ್ಯಾಹ್ನ ಫೋಟೋದ ಹಾಳೆಯನ್ನೂ ಪುಸ್ತಕವನ್ನೂ ತೆಗೆದುಕೊಂಡು ಮನೆಗೆ ಹೋದೆ. ಅವನು ಉಣ್ಣುತ್ತಿದ್ದ. ತಟ್ಟೆಯ ಪಕ್ಕದಲ್ಲಿ ಫೋಟೋ ಇಟ್ಟು, ಈ ಸೊನ್ನೆ ಯಾರದು ಎಂದು ಕೇಳಿದೆ. ನೋಡಿದ, ತುತ್ತು ಕೈಯಲ್ಲೇ ಉಳಿಯಿತು. ಯಾವ ಸೊನ್ನೆ, ಏನು ಎಂದು ಕೇಳಲಿಲ್ಲ. ಕೇಳಿದ್ದು, “ಇದೆಲ್ಲಿ ಸಿಕ್ತು ನಿಂಗೆ?” ಅಲ್ಲಿಗೆ ನನಗೆ ಉತ್ತರ ಸಿಕ್ಕಿತು.

“ನೀನೇ ಹಾಕಿದ್ದಾ?” ಎಂದೆ.

ಅವನಿಗೆ ಮೊದಲು ಚುಚ್ಚಿದ್ದು ಆ ‘ನೀನು’. “ಏನು, ನೀನು ಅಂತೀಯಾ?” ಎಂದು ದುರುಗುಟ್ಟಿ ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಅವನೇ ತಲೆ ತಗ್ಗಿಸಿ, ತಟ್ಟೆಗೆ ಹೇಳುವವನಂತೆ ಹೇಳಿದ. ಕಂಬ ಕೊಡುತ್ತ ಕೂತರೆ ಮೂರು ದಿನ ಹೋಗುತ್ತಿತ್ತು, ತಿಂಗಳು ಮುಗಿಯುತ್ತಿತ್ತು. ನೆಗಡಿ ಹಿಡಿದ ಕಿವಿ, ಗಟ್ಟಿ ಕಲ್ಲನ್ನೂ ಡೊಬ್ ಎಂದು ಕೇಳಿಸಿಕೊಂಡಿರಬಹುದು ಎಂದುಕೊಂಡ. ಒಂದೇ ಪಾಳಿ, ಆಮೇಲೆ ಕಂಬ ಕೊಟ್ಟರಾಯಿತು ಎಂದುಕೊಂಡ. ಒದ್ದೆ ಬಟ್ಟೆಯಲ್ಲಿ ಇಂಟು ಒರೆಸಿ ಸೊನ್ನೆ ಬರೆದ. ಇಷ್ಟು ಹೇಳಿ ತಲೆಯೆತ್ತಿದ. “ಈ ಮನೆ ಬೇಕು ಅಂತ ಪ್ರಾಣ ತಿಂದೋಳು ನೀನಲ್ವಾ? ಅವ್ನಿಗೇನು ಕಮ್ಮಿ ಮಾಡ್ದೆ ನಾನು? ಕೆಲಸ ಹೋಗ್ತಿದ್ದೋನಿಗೆ ಕೆಲಸ ಕೊಡಿಸ್ಲಿಲ್ವಾ?”

“ಕಿವಿ ಕಿತ್ಕೊಂಡು ಕೆಲಸ ಕೊಡಿಸ್ದೆ” ಎಂದೆ. ಮನೆ ಕೇಳಿದ್ದು ನಾನೇ, ಹೌದು. ಒಬ್ಬನ ತಲೆಯ ಮೇಲೆ ಕಲ್ಲು ಬೀಳಿಸಿ, ಇನ್ನೊಬ್ಬನ ತಲೆಯೊಳಗೆ ಸುಳ್ಳು ತುಂಬಿಸಿ ತಾ ಎಂದು ಕೇಳಿರಲಿಲ್ಲ. ಹತ್ತು ದಿನ ಬೆನ್ನು ಸವರಿದ ಕೈ ಅದು. ಕಲ್ಲು ಬಿದ್ದದ್ದನ್ನಾದರೂ ಅವಸರ, ಆಸೆ, ಎಡವಟ್ಟು ಎನ್ನಬಹುದೇನೋ. ಆ ಬೆನ್ನು ಸವರಿದ್ದನ್ನು ನಾನು ಯಾವ ಜನ್ಮಕ್ಕೂ ಕ್ಷಮಿಸಲಾರೆ. ಹನ್ನೊಂದು ವರ್ಷ ನಮ್ಮೆಲ್ಲರ ಕಿವಿ ಮೇಲೆ ಹೂವಿಟ್ಟು, ಅದೇ ಮನುಷ್ಯನಿಂದ ಮಂಚ ಹೊರಿಸಿದ್ದ. ಅವನು ಏನೋ ಕೂಗುತ್ತಿದ್ದ ಹಾಗೆಯೇ ಫೋಟೋವನ್ನೂ ಪುಸ್ತಕವನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ.

ಅಕ್ಕ ಆಸ್ಪತ್ರೆಯ ಅಡುಗೆಮನೆಗೆ ಕೆಲಸಕ್ಕೆ ಹೋಗಿದ್ದಳು. ಭಾವ ಒಬ್ಬರೇ ಕಿಟಕಿಯ ಪಕ್ಕ ಕೂತು ಹರಿದ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ನನ್ನ ಮುಖ ನೋಡಿ ಸ್ಲೇಟು ಚಾಚಿದರು. ನಾನು ಫೋಟೋ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು. ಅವರ ಹೆಬ್ಬೆರಳು ಮೆಲ್ಲಗೆ ಸೊನ್ನೆಯ ಕೆಳಗೆ ಜಾರಿ, ಬಾಯಿ ಇರಬೇಕಾದ ಜಾಗದಲ್ಲಿ ನಿಂತಿತು.

“ಇದು ನನ್ನ ಕೈಯಲ್ಲ” ಎಂದರು. ಕಿವುಡರ ಸ್ವರ, ಬೀದಿಗೆಲ್ಲ ಕೇಳುವಷ್ಟು ಜೋರು. “ದೀಪದಮ್ಮ, ಇದು ನನ್ನ ಸೊನ್ನೆ ಅಲ್ಲ. ಹಾಗಾದ್ರೆ ನಾನು ಹಾಕಿದ್ದು?”

ಸ್ಲೇಟಿನ ಮೇಲೆ ದೊಡ್ಡದಾಗಿ ಇಂಟು ಎಳೆದೆ. ಹನ್ನೊಂದು ವರ್ಷ ಕೊಡದ ಉತ್ತರ, ಎರಡೇ ಗೆರೆ. ಅವರು ಸ್ಲೇಟನ್ನು ಎದೆಗೊತ್ತಿಕೊಂಡು ಚಿಕ್ಕ ಮಗುವಿನಂತೆ ಅತ್ತರು. ಅಂಗಿಯ ಮುಂದೆಲ್ಲ ಸೀಮೆಸುಣ್ಣ ಮೆತ್ತಿಕೊಂಡಿತು. ಸರಿಯಾಗೇ ಕೇಳಿಸಿತ್ತು, ಸರಿಯಾಗೇ ಕೇಳಿಸಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು, ಮುಖವೆಲ್ಲ ಬೆಳಗಿ, ನನ್ನ ತೋಳು ಹಿಡಿದು ಅಲುಗಾಡಿಸಿದರು.

“ನಮ್ಮ ಮೇಸ್ತ್ರಿಗೆ ಹೇಳಿದ್ಯಾ? ಮೊದ್ಲು ಅವನಿಗೆ ಹೇಳ್ಬೇಕು. ಪಾಪ, ಯಾರೋ ಅವನ ಕಣ್ಣಿಗೂ ಮಣ್ಣೆರಚಿದಾರೆ. ನನಗೋಸ್ಕರ ಎಷ್ಟು ಒದ್ದಾಡಿದ ಅವನು.”

ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು. ಬರೆಯಬೇಕಿತ್ತು, ಕೈ ಏಳಲಿಲ್ಲ. ಇಷ್ಟು ವರ್ಷಕ್ಕೆ ಈ ಮನುಷ್ಯ ನಕ್ಕಿದ್ದಾರೆ, ಇನ್ನೊಂದು ಗಳಿಗೆ ನಗಲಿ ಎನಿಸಿತು. ಹೇಡಿತನ ಎಂದರೂ ಸರಿ. ಅವರಂತೂ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಮೊದಲು ಸಿಳ್ಳೆಯ ಮನೆಗೆ ಹೋಗೋಣ, ಆಯಮ್ಮ ಏನು ಹೇಳುತ್ತಾಳೋ ನನಗೆ ಕೇಳಿಸುವುದಿಲ್ಲ, ನೀನು ಬರೆದು ತೋರಿಸಬೇಕು ಎಂದು ಸ್ಲೇಟನ್ನು ನನ್ನ ಕೈಗೇ ತುರುಕಿದರು.

ಸುತ್ತು ಹಾಕಲಿಲ್ಲ, ನೇರ ದಾರಿಯಲ್ಲೇ ನಡೆದರು. ದಾರಿಯುದ್ದಕ್ಕೂ ಪಕ್ಕದ ಗೋಡೆಗಳನ್ನು ಬೆರಳಗೆಣ್ಣಿನಿಂದ ತಟ್ಟುತ್ತ ಹೋದರು. ಅವರಿಗೆ ಅದು ಕೇಳಿಸುವುದಿಲ್ಲ, ಮರೆತಿದ್ದರೋ ಏನೋ. ನನಗೆ ಕೇಳಿಸುತ್ತಿತ್ತು.

ಹೊಲಿಗೆಯಾಕೆ ಬಾಗಿಲಲ್ಲೇ ಮಿಷನ್ ಹಾಕಿಕೊಂಡು ಕೂತಿದ್ದಳು. ಭಾವನನ್ನು ನೋಡಿ ತುಳಿಯುವುದನ್ನು ನಿಲ್ಲಿಸಿದಳು, ಏಳಲಿಲ್ಲ. ಭಾವ ಹೊಸ್ತಿಲಾಚೆಯೇ ನಿಂತು ಫೋಟೋ ಚಾಚಿದರು, ಜೊತೆಗೆ ನನ್ನ ಪುಸ್ತಕದಲ್ಲಿನ ತಮ್ಮ ಸೊನ್ನೆಯನ್ನು ತೋರಿಸಿದರು. ತಾವು ಹೇಗೆ ಬಾಯಿ ಬಿಡುತ್ತಿದ್ದರು, ಯಾಕೆ ಬಿಡುತ್ತಿದ್ದರು, ಈ ಫೋಟೋದಲ್ಲಿ ಅದು ಹೇಗೆ ಇಲ್ಲ ಎಂದು ಜೋರು ಸ್ವರದಲ್ಲಿ ವಿವರಿಸಿದರು. ಹೊಲಿಗೆಯವಳಿಗೆ ಗೆರೆ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದರ ಪಕ್ಕ ಒಂದಿಟ್ಟು ನೋಡಿದಳು. ಕಣ್ಣು ತುಂಬಿ ಬಂದವು. ಎದ್ದು, ಕೂರುತ್ತಿದ್ದ ಸ್ಟೂಲನ್ನೇ ಹೊಸ್ತಿಲ ಹತ್ತಿರ ತಳ್ಳಿ, ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದಳು. ಭಾವ ಕೂತರು. ಹನ್ನೊಂದು ವರ್ಷದ ಮೇಲೆ ಆ ಮನೆಯ ಮುಂದೆ ಕೂತರು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. “ಇವರಲ್ಲ ಅಂದ್ರೆ ಇದನ್ನ ಮಾಡಿದ್ದು ಯಾರು? ಕೇಳು ಇವರನ್ನ.”

ಅದೇ ಪುಸ್ತಕದ ಅದೇ ಹಾಳೆಯಲ್ಲಿ, ಸೊನ್ನೆಯ ಕೆಳಗಿನ ಸಾಲಿನಲ್ಲೇ ಉತ್ತರವಿತ್ತು. ಇಬ್ಬರೂ ಸೊನ್ನೆಯನ್ನೇ ನೋಡಿದ್ದರು. ನಾನು ಅವಳ ಪ್ರಶ್ನೆಯನ್ನು ಸ್ಲೇಟಿನಲ್ಲಿ ಬರೆದು ಹಿಡಿದೆ. ಭಾವ ಓದಿದರು, ತಲೆಯಾಡಿಸಿದರು, ಆಕೆಗೆ ಸಮಾಧಾನ ಹೇಳುವವರಂತೆ ಮುಂದಕ್ಕೆ ಬಾಗಿದರು.

“ಗೊತ್ತಿಲ್ಲಮ್ಮ. ಆದ್ರೆ ನೀನು ಯೋಚ್ನೆ ಮಾಡ್ಬೇಡ. ನಮ್ಮ ಮೇಸ್ತ್ರಿ ಇದಾನಲ್ಲ, ಅವನು ಬಿಡೋನಲ್ಲ. ಕಂಡುಹಿಡೀತಾನೆ.”

ನಾನು ಸ್ಲೇಟು ಒರೆಸಿ, ಅವನೇ ಎಂದು ಬರೆದೆ.

ಭಾವ ಓದಿದರು. ನನ್ನ ಮುಖ ನೋಡಿದರು. ಮತ್ತೆ ಸ್ಲೇಟು ನೋಡಿದರು. ಅಂಗೈಯಿಂದ ಅದನ್ನು ಪೂರ್ತಿ ಅಳಿಸಿ ನನ್ನ ಕೈಗೇ ವಾಪಸ್ ಕೊಟ್ಟರು. “ಸರಿಯಾಗಿ ಕಾಣಿಸ್ಲಿಲ್ಲ, ಇನ್ನೊಂದ್ಸಲ ಬರಿ” ಎಂದರು. ಈ ಸಲ ಸ್ವರ ಜೋರಿರಲಿಲ್ಲ.

ಇನ್ನೊಂದು ಸಲ ಬರೆದೆ.